ಅಪ್‌ಡೇಟ್: ಪೊಸಡಿ ಗುಂಪೆಯ ಇಳಿಜಾರಿನಲ್ಲಿ ಕಿರುಚುತ್ತಿದ್ದ ಬ್ರೇಕ್

ಕಾಸರಗೋಡಿನ ಪೊಸಡಿ ಗುಂಪೆ ಬೆಟ್ಟದಿಂದ ಇಳಿಯುವಾಗ ನನ್ನ ಮೌಂಟನ್ ಬೈಕಿನ ಹಿಂದಿನ ಡಿಸ್ಕ್ ಬ್ರೇಕ್ ಕಿರುಚುತ್ತದೆ, ಲಿವರ್ ಗಟ್ಟಿಯಾಗಿದ್ದರೂ ಹಿಡಿತವಿಲ್ಲ ಎಂದು ಕಳೆದ ತಿಂಗಳು ಕೇಳಿದ್ದೆ. ಲಿವರ್ ಮೆತ್ತಗಾಗಿಲ್ಲವೆಂದರೆ ಬ್ರೇಕಿನ ಎಣ್ಣೆಯೊಳಗೆ ಗಾಳಿ ಸೇರಿರಲಾರದು, ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡನ್ನೇ ನೋಡಿ ಎಂದವರ ಮಾತು ಸರಿಯಾಗಿತ್ತು. ಚೈನಿಗೆ ಸಿಂಪಡಿಸಿದ ಎಣ್ಣೆ ರೋಟರಿಗೆ, ಅಂದರೆ ಚಕ್ರದೊಡನೆ ತಿರುಗುವ ಆ ಡಿಸ್ಕಿಗೆ, ಹಾರಿ ಪ್ಯಾಡಿಗೆ ಇಳಿದಿತ್ತು. ಬಿಚ್ಚಿದಾಗ ಅದರ ಮುಖ ದೋಸೆ ಕಾವಲಿಯಂತೆ ಮಿನುಗುತ್ತಿತ್ತು. ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಎಣ್ಣೆ ಕುಡಿದ ಪ್ಯಾಡನ್ನು ಉಜ್ಜಿ ಉಳಿಸುವ ಆಸೆ ಬಿಟ್ಟು, ರೋಟರಿನ ಮೇಲೆ ‘ರೆಸಿನ್ ಪ್ಯಾಡ್ ಮಾತ್ರ’ (ರಾಳದ ಮೆತ್ತನೆಯ ಪ್ಯಾಡಿಗಷ್ಟೇ ಹೊಂದುವ ರೋಟರ್) ಎಂಬ ಬರಹವಿಲ್ಲವೆಂದು ಖಚಿತಪಡಿಸಿಕೊಂಡು, ನಮ್ಮ ಮಳೆಗಾಲದ ಕೆಸರಿನಲ್ಲಿ ಹೆಚ್ಚು ಬಾಳುವ ಸಿಂಟರ್ಡ್ (ಲೋಹದ ಪುಡಿಯಿಂದ ಮಾಡಿದ) ಪ್ಯಾಡನ್ನು ಹಾಕಿದೆ. ಬಳಿಕ ಮನೆಯೆದುರಿನ ರಸ್ತೆಯಲ್ಲಿ ಸುಮಾರು 20 ಬಾರಿ ವೇಗ ಪಡೆದು, ಚಕ್ರ ಕಚ್ಚಿಕೊಳ್ಳದಂತೆ ನಿಧಾನಗೊಳಿಸಿ ಪ್ಯಾಡನ್ನು ಪಳಗಿಸಿದೆ.

ಡಾಟ್ ದ್ರವ (ಕಾರುಗಳ ಬ್ರೇಕಿಗೆ ಹಾಕುವಂಥದ್ದು) ತುಂಬಿಸಿ ಎಂಬ ಸಲಹೆಯನ್ನು ಮಾತ್ರ ಪಾಲಿಸಲಿಲ್ಲ. ನನ್ನದು ಶಿಮಾನೊ ಬ್ರೇಕ್. ಅದಕ್ಕೆ ಮಿನರಲ್ ಆಯಿಲನ್ನೇ ಹಾಕಬೇಕು, ಡಾಟ್ ಸೇರಿದರೆ ಸೀಲುಗಳು ಕೆಡುತ್ತವೆ.

ಕಿರಿದಾದ ದಾರಿಯಲ್ಲಿ ಹತ್ತುವವರೂ ಇಳಿಯುವವರೂ ಎದುರಾದರೆ ಯಾರು ನಿಲ್ಲಬೇಕೆಂಬ ಇನ್ನೊಂದು ಪ್ರಶ್ನೆಗೆ, ಇಳಿಯುವವನೇ ನಿಲ್ಲಬೇಕು ಎಂದು ಉತ್ತರಿಸಿದ್ದಿರಿ. ಮೊನ್ನೆ ಭಾನುವಾರ ಹುಲ್ಲಿನ ಹೊರೆ ಹೊತ್ತು ಹತ್ತುತ್ತಿದ್ದ ಅಜ್ಜಿಯೊಬ್ಬರಿಗೆ ದಾರಿಬಿಟ್ಟು, ಮುರಕಲ್ಲಿನ ಅಂಚಿನಲ್ಲಿ ಕಾಲೂರಿ ನಿಂತೆ. “ನಿನ್ನ ಸೈಕಲಿನ ಬೊಬ್ಬೆ ನಿಂತಿತಾ ಮಗಾ?” ಎಂದು ಕೇಳಿದರು.