ಚನ್ನಪಟ್ಟಣದ ಬೊಂಬೆಯ ತ್ರೀಡಿ ಮಾದರಿಯಲ್ಲಿ ಗಂಟು, ತೂತು – ಏನು ಮಾಡಲಿ?

ಬುಗುರಿ:
ಗೇಣುದ್ದದ ಚನ್ನಪಟ್ಟಣದ ಬೊಂಬೆಯೊಂದನ್ನು, ಚಿತ್ರಗಳನ್ನು ಜೋಡಿಸಿ ಆಕಾರ ಕಟ್ಟುವ ಮೆಶ್‌ರೂಮ್ ತಂತ್ರಾಂಶದಲ್ಲಿ ತ್ರೀಡಿ ಮಾದರಿಯಾಗಿಸಲು ಹೊರಟಿದ್ದೇನೆ. ಕೆಂಪು ಮೈ, ಸೊಂಟದಲ್ಲಿ ಹಳದಿ ಪಟ್ಟಿ, ತಲೆಯ ಒಂದು ಕಡೆ ಮೇಲಿನ ಅರಗಿನ ಲೇಪ ಚಕ್ಕೆಯೆದ್ದಿದೆ. ಕ್ಯಾಮೆರಾವನ್ನು ಟ್ರೈಪಾಡ್‌ನಲ್ಲಿ ನಿಲ್ಲಿಸಿ, ಬೊಂಬೆಯನ್ನು ಮಣೆಯ ಮೇಲೆ ತಿರುಗಿಸುತ್ತ ಚಿತ್ರ ತೆಗೆದೆ. ಬಂದದ್ದು ಬೊಂಬೆಯಲ್ಲ, ಹಲಸಿನ ಹಣ್ಣು. ಮೈಯೆಲ್ಲ ಗಂಟು, ಅಲ್ಲಲ್ಲಿ ತೂತು, ಬಣ್ಣದ ಮೇಲೆ ಕಿಟಕಿಯ ಬಿಳಿ ಪ್ರತಿಬಿಂಬದ ಅಚ್ಚು. ಅರ್ಧಕ್ಕರ್ಧ ಚಿತ್ರಗಳನ್ನು ತಂತ್ರಾಂಶ ಕೈಬಿಟ್ಟಿದೆ. ಕ್ಯಾಮೆರಾ ಬದಲಿಸಬೇಕೇ?

ಹಳೇಲೆನ್ಸ್:
ಬೇಡ, ಹಣ ಉಳಿಸಿ. ಟಾಲ್ಕಂ ಪೌಡರ್ ಬಳಿದು ನೋಡಿ. ಇನ್ನೂ ಸುಲಭದ ದಾರಿಯೆಂದರೆ, ಕಡೆದ ಬೊಂಬೆಗೆ ಸ್ಕ್ಯಾನೇ ಬೇಕಾಗಿಲ್ಲ. ಪಕ್ಕದಿಂದ ಒಂದು ಚಿತ್ರ ತೆಗೆದು, ಅಂಚಿನ ಗೆರೆಯನ್ನು ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶದಲ್ಲಿ, ಗೆರೆಯನ್ನು ಅಕ್ಷದ ಸುತ್ತ ತಿರುಗಿಸುವ ಸ್ಕ್ರೂ ಮಾಡಿಫೈಯರ್‌ನಿಂದ ಸುತ್ತಿಸಿದರೆ ಮುಗಿಯಿತು.

ಬುಗುರಿ:
ಸರ್, ಆ ಚಕ್ಕೆಯೂ ಬೇಕು, ನಿಜವಾದ ಬಣ್ಣವೂ ಬೇಕು. ಪೌಡರ್ ಹಚ್ಚಿದರೆ ಬಣ್ಣ ಮುಚ್ಚಿಹೋಗುತ್ತದೆ.

ಕರಿಪರದೆ:
ಒಂದು ಚಿತ್ರದಲ್ಲಿ ಕಂಡ ಗುರುತು ಇನ್ನೊಂದರಲ್ಲಿಯೂ ವಸ್ತುವಿನ ಅದೇ ಜಾಗದಲ್ಲಿರುತ್ತದೆ ಎಂಬ ನಂಬಿಕೆಯ ಮೇಲೆ ಫೋಟೋಗ್ರಾಮೆಟ್ರಿಯ, ಅಂದರೆ ಚಿತ್ರಗಳಿಂದ ಆಕಾರ ಅಳೆಯುವ ವಿಧಾನದ, ಲೆಕ್ಕವೆಲ್ಲ ನಿಂತಿದೆ. ಹೊಳೆಯುವ ಅರಗು ಆ ನಂಬಿಕೆಯನ್ನು ಕೆಡಿಸುತ್ತದೆ. ಬೊಂಬೆ ತಿರುಗಿದರೂ ಕಿಟಕಿಯ ಪ್ರತಿಬಿಂಬ ನಿಂತಲ್ಲೇ ನಿಂತಿರುತ್ತದೆ. ಅದರ ಅಂಚನ್ನು ಗುರುತೆಂದು ಹಿಡಿದ ತಂತ್ರಾಂಶ ಅಲ್ಲೊಂದು ಗಂಟು ಕಟ್ಟುತ್ತದೆ. ಹಿಂದಿನ ಗೋಡೆಯೂ ತಿರುಗುವುದಿಲ್ಲವಲ್ಲ, ಬೊಂಬೆ ಒಂದು ಹೇಳಿದರೆ ಗೋಡೆ ಇನ್ನೊಂದು ಹೇಳುತ್ತದೆ. ಚಿತ್ರಗಳು ಬಿದ್ದುಹೋಗಿದ್ದು ಅದಕ್ಕೇ ಇರಬೇಕು. ಹಿಂದೆ ಕಪ್ಪು ಮಖಮಲ್ ಬಟ್ಟೆ ಕಟ್ಟಿ.

ಹೊಳಪಿಗೆ ಮದ್ದು ಪೋಲರೈಸರ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ. ದೀಪದ ಮುಂದೆ ಪೋಲರೈಸಿಂಗ್ ಹಾಳೆ, ಲೆನ್ಸ್‌ಗೆ ಅದೇ ಬಗೆಯ ಫಿಲ್ಟರ್. ಫಿಲ್ಟರನ್ನು ಮೆಲ್ಲಗೆ ತಿರುಗಿಸುತ್ತ ಹೋಗಿ. ಬಿಳಿ ಕಲೆ ಕುಗ್ಗಿ, ಕಡುನೇರಳೆಯಾಗಿ, ಆರಿಹೋಗುವ ಒಂದು ಕೋನ ಸಿಗುತ್ತದೆ. ಅರಗಿನ ಮೇಲಿಂದಲೇ ಪುಟಿದ ಬೆಳಕು ಆ ಒಂದೇ ದಿಕ್ಕಿನ ಕಂಪನವನ್ನು, ಅಂದರೆ ಧ್ರುವೀಕರಣವನ್ನು, ಉಳಿಸಿಕೊಂಡಿರುತ್ತದೆ, ಹಾಗಾಗಿ ಫಿಲ್ಟರ್‌ಗೆ ಸಿಕ್ಕಿಬೀಳುತ್ತದೆ. ಬಣ್ಣದೊಳಗೆ ಹೊಕ್ಕು ಚದುರಿ ಬಂದ ಬೆಳಕು ಅದನ್ನು ಕಳೆದುಕೊಂಡಿರುವುದರಿಂದ ದಾಟಿ ಬರುತ್ತದೆ. ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಪಾಲ್ ಡೆಬೆವೆಕ್ ಮತ್ತು ಸಂಗಡಿಗರು 2000ದಲ್ಲಿ, ಮುಖಕ್ಕೆ ಹಲವು ದಿಕ್ಕುಗಳಿಂದ ಬೆಳಕು ಬಿಡುವ ಲೈಟ್ ಸ್ಟೇಜ್ ಎಂಬ ಸಾಧನದಲ್ಲಿ ಮುಖದ ಹೊಳಪನ್ನು ಚರ್ಮದ ಬಣ್ಣದಿಂದ ಬೇರ್ಪಡಿಸಿದ್ದೂ ಪೋಲರೈಸರ್‌ಗಳಿಂದಲೇ.

ಕಿಟಕಿ ಪೂರ್ತಿ ಮುಚ್ಚಿರಿ. ಕ್ಯಾಮೆರಾಗೆ ಬರುವ ಬೆಳಕು ಕಾಲು ಭಾಗಕ್ಕೂ ಇಳಿಯುತ್ತದೆ. ಐಎಸ್‌ಒ ಏರಿಸದೆ 100ರಲ್ಲೇ ಇಟ್ಟು, ಎಫ್ 8ರ ಆಸುಪಾಸಿನಲ್ಲಿ, ಶಟರ್ ವೇಗ ತಗ್ಗಿಸಿ.

ಬುಗುರಿ:
ಬಿಳಿ ಕಲೆ ಮಾಯ, ಚಿತ್ರಗಳೂ ಉಳಿದವು. ಆದರೆ ಕೆಂಪು ಹೊಟ್ಟೆಯ ಜಾಗದಲ್ಲಿ ಈಗ ಬರೀ ತೂತು!

ಕರಿಪರದೆ:
ಆಗಬೇಕಾದ್ದೇ. ಒಂದೇ ಸಮನಾದ ಕೆಂಪಿನಲ್ಲಿ ತಂತ್ರಾಂಶ ಹಿಡಿಯುವುದಾದರೂ ಏನನ್ನು? ಪಟ್ಟಿಗಳು ಕೂಡ ಸುತ್ತಲೂ ಒಂದೇ ರೀತಿ. ಎಷ್ಟು ತಿರುಗಿಸಿದರೂ ತಿರುಗಿದ್ದು ತಿಳಿಯದು.

ಮಣೆಗೆ ದಿನಪತ್ರಿಕೆಯ ಹಾಳೆ ಅಂಟಿಸಿ, ಅದರ ಮೇಲೆ ಬೊಂಬೆಯನ್ನು ಅಲುಗದಂತೆ ಕೂರಿಸಿ. ಹಲ್ಲುಜ್ಜುವ ಬ್ರಷ್ಷನ್ನು ನೀರಿನ ಪೋಸ್ಟರ್ ಬಣ್ಣದಲ್ಲಿ ಅದ್ದಿ, ಬೆರಳಿನಿಂದ ಮೀಟಿ ಮೈಮೇಲೆ ಸಣ್ಣ ಹನಿಗಳನ್ನು ಸಿಡಿಸಿ. ಹನಿ ದೊಡ್ಡದಾದರೆ ಪ್ರಯೋಜನವಿಲ್ಲ, ಸಾಸಿವೆಗಿಂತ ಚಿಕ್ಕದಿರಲಿ. ಬಣ್ಣ ಸಲೀಸಾಗಿ ಬಿಡುತ್ತದೆಯೇ ಎಂದು ಮೊದಲು ತಳಭಾಗದಲ್ಲಿ ನೋಡಿಕೊಳ್ಳಿ. ಒಂದು ಸುತ್ತು ಚಿತ್ರ ತೆಗೆದ ಮೇಲೆ, ಬೊಂಬೆಯನ್ನು ಎತ್ತದೆಯೇ ಒದ್ದೆ ಬಟ್ಟೆಯಿಂದ ಒರೆಸಿ ಇನ್ನೊಂದು ಸುತ್ತು ತೆಗೆಯಿರಿ. ಎರಡೂ ಕಂತುಗಳಲ್ಲಿ ಪತ್ರಿಕೆಯ ಅಕ್ಷರಗಳು ಒಂದೇ ಆದ್ದರಿಂದ ಅವು ತಾವಾಗಿ ಹೊಂದಿಕೊಳ್ಳುತ್ತವೆ. ಆಕಾರವನ್ನು ಹನಿಯಿದ್ದ ಕಂತಿನಿಂದ, ಟೆಕ್ಸ್ಚರನ್ನು (ಮೇಲ್ಮೈಗೆ ಹೊದಿಸುವ ಬಣ್ಣದ ಚಿತ್ರ) ಒರೆಸಿದ ಕಂತಿನಿಂದ ಮಾಡಿಸಿ.

ಬುಗುರಿ:
ಚಕ್ಕೆಯ ಅಂಚು ಕೂಡ ಮೂಡಿದೆ! ಆದರೆ ಬೊಂಬೆ ಸುಣ್ಣ ಬಳಿದಂತೆ ಮಂಕಾಗಿ ಕಾಣುತ್ತಿದೆ.

ಕರಿಪರದೆ:
ಹೊಳಪನ್ನು ನಾವೇ ತೆಗೆದಿದ್ದೇವಲ್ಲ, ಬ್ಲೆಂಡರ್‌ನಲ್ಲಿ ಮರಳಿ ಕೊಡಬೇಕು. ಮೆಟಾಲಿಕ್ (ಲೋಹದ ಗುಣ) 0, ಐಒಆರ್ (ವಕ್ರೀಭವನ ಸೂಚ್ಯಂಕ) 1.5, ರಫ್‌ನೆಸ್ (ಮೇಲ್ಮೈಯ ಒರಟುತನ) 0.2ರಿಂದ ಶುರು ಮಾಡಿ. ಫಿಲ್ಟರ್ ಇಲ್ಲದೆ ತೆಗೆದ ಒಂದು ಚಿತ್ರವನ್ನು ಪಕ್ಕದಲ್ಲಿಟ್ಟು, ಪ್ರತಿಬಿಂಬದ ಅಂಚು ಅಷ್ಟೇ ಮಸುಕಾಗುವವರೆಗೆ ರಫ್‌ನೆಸ್ ಹೊಂದಿಸಿ. ಚಕ್ಕೆಯೆದ್ದ ಕಡೆ ಬರಿಯ ಮರ, ಅಲ್ಲಿಗೆ 0.7ರಷ್ಟು ಬೇಕಾದೀತು.

ಹಳೇಲೆನ್ಸ್:
ನನ್ನ ಬಳಿ ಒಂದು ಬಿದರಿ ಹೂಜಿ ಇದೆ. ಅದಕ್ಕೂ ಇದೇ ಉಪಾಯ ನಡೆಯುತ್ತದೆಯೇ?

ಕರಿಪರದೆ:
ಇಲ್ಲ. ಬೆಳ್ಳಿಯೊಳಗೆ ಬೆಳಕು ಹೊಕ್ಕು ಚದುರುವುದಿಲ್ಲ, ಅದರ ಬಣ್ಣವೆಲ್ಲ ಪ್ರತಿಫಲನವೇ. ಪೋಲರೈಸರ್ ಹಾಕಿದರೆ ಬೆಳ್ಳಿಯ ಬಳ್ಳಿಗಳೂ ಕಪ್ಪಾಗುತ್ತವೆ. ಬಿಳಿ ಬಟ್ಟೆಯ ಗುಡಾರದೊಳಗೆ ಎಲ್ಲ ಕಡೆಯಿಂದ ಸಮನಾದ ಮೃದು ಬೆಳಕು ಕೊಟ್ಟು, ಫಿಲ್ಟರ್ ಇಲ್ಲದೆ ತೆಗೆಯಿರಿ. ಹನಿ ಸಿಡಿಸುವ ಕೆಲಸವಂತೂ ಬೇಡ. ಹಿಡಿಯಲು ಆ ಕುಸುರಿಯೇ ಸಾಕು.