ಶಿಯಾನ್ ನಗರಕ್ಕೆ ಒಂದು ದಿನ ಸಾಕಾಗುತ್ತದೆಯೇ?

ಪ್ರಶ್ನೆ: ಗಿರಿವಾಸಿ, ಚಿಕ್ಕಮಗಳೂರು

ಅಕ್ಟೋಬರ್ ಕೊನೆಯಲ್ಲಿ, ಕಾಫಿ ಕೊಯ್ಲು ಆರಂಭವಾಗುವ ಮುನ್ನ, ಕುಟುಂಬ ಸಮೇತ ಚೀನಾಕ್ಕೆ ಹೊರಟಿದ್ದೇವೆ. ಪ್ರವಾಸ ಏರ್ಪಡಿಸುತ್ತಿರುವವರು ಶಿಯಾನ್‌ಗೆ ಒಂದೇ ದಿನ ಕೊಟ್ಟು, ಮಣ್ಣಿನ ಸೈನಿಕರನ್ನು ತೋರಿಸಿ, ಅದೇ ರಾತ್ರಿ ಶಾಂಘೈಗೆ ಕರೆದೊಯ್ಯುತ್ತಾರಂತೆ. ಆ ನಗರದಲ್ಲಿ ನೋಡಲು ಬೇರೇನೂ ಇಲ್ಲವೇ? ನಮ್ಮ ಅತ್ತೆಯವರು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಅವರ ಊಟಕ್ಕೆ ಏನು ಮಾಡಬಹುದು ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಶಾಸನಪ್ರಿಯ, ಹಾಸನ

ಒಂದು ದಿನ ಖಂಡಿತ ಸಾಲದು. ಮಣ್ಣಿನ ಸೈನಿಕರಿರುವುದು ನಗರದಲ್ಲಲ್ಲ, ಪೂರ್ವಕ್ಕೆ ಸುಮಾರು 40 ಕಿ.ಮೀ. ದೂರದ ಲಿನ್‌ಟಾಂಗ್‌ನಲ್ಲಿ, ಹೋಗಿ, ನೋಡಿ, ಹಿಂತಿರುಗುವಷ್ಟರಲ್ಲಿ ದಿನದ ಬಹುಪಾಲು ಮುಗಿದಿರುತ್ತದೆ.

1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕಿದ ಈ ಸೈನ್ಯವು ಕ್ರಿ.ಪೂ. 210ರಲ್ಲಿ ತೀರಿಕೊಂಡ ಚಕ್ರವರ್ತಿ ಚಿನ್ ಷಿ ಹುವಾಂಗ್‌ನ ಸಮಾಧಿಯ ಕಾವಲಿಗೆಂದು ಮಾಡಿಸಿದ್ದು. ಸಮಾಧಿಯ ದಿಬ್ಬವನ್ನು ಇನ್ನೂ ಅಗೆದಿಲ್ಲ. ಈ ಪ್ರತಿಮೆಗಳಿಗೆ ಬಣ್ಣವಿತ್ತು. ಹೊರಗಿನ ಒಣಗಾಳಿ ತಗುಲಿದೊಡನೆ ಅದು ಸುರುಳಿಯಾಗಿ ಉದುರಿಹೋಗುತ್ತದೆ ಎಂಬ ಕಾರಣದಿಂದಲೂ ಉತ್ಖನನ ನಿಧಾನವಾಗಿ ಸಾಗಿದೆ. ಬೇಲೂರನ್ನು ನೋಡಿ ಬೆಳೆದ ನಮಗೆ ಕುತೂಹಲ ಹುಟ್ಟಿಸುವ ಸಂಗತಿಯೆಂದರೆ, ಹಲವು ಸೈನಿಕರ ಮೈಮೇಲೆ ಕುಶಲಕರ್ಮಿಗಳ ಹೆಸರುಗಳು ಕಾಣಸಿಗುತ್ತವೆ. ನಮ್ಮ ಬೇಲೂರಿನ ಶಿಲ್ಪಿಗಳಾದ ದಾಸೋಜ, ಚಾವಣರ ಹೆಸರುಗಳಲ್ಲಿ ಕಲಾವಿದನ ಅಭಿಮಾನವಿದ್ದರೆ, ಅಲ್ಲಿನ ಹೆಸರುಗಳು ಕೆಲಸ ಕೆಟ್ಟರೆ ಯಾರನ್ನು ಹಿಡಿಯಬೇಕೆಂದು ತಿಳಿಯುವುದಕ್ಕಾಗಿ ಇದ್ದವು.

ಆದರೆ ಕನ್ನಡಿಗರು ತಪ್ಪಿಸಿಕೊಳ್ಳಬಾರದ ಜಾಗ ನಗರದೊಳಗೇ ಇದೆ. ಶಿಯಾನ್ ಹಿಂದೆ ಛಾಂಗಾನ್ ಎಂಬ ಹೆಸರಿನಿಂದ ತಾಂಗ್ ಅರಸರ (618–907) ರಾಜಧಾನಿಯಾಗಿತ್ತು. ಇಲ್ಲಿಂದಲೇ ಭಾರತಕ್ಕೆ ಹೊರಟ ಹ್ಯೂಯೆನ್ ತ್ಸಾಂಗ್ 645ರಲ್ಲಿ 657 ಗ್ರಂಥಗಳೊಂದಿಗೆ ಮರಳಿದನು. ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ಕಂಡು, ಅಲ್ಲಿನ ಜನರು ಉಪಕಾರವನ್ನು ಮರೆಯದವರು, ಅವಮಾನವನ್ನು ಸಹಿಸದವರು ಎಂದೂ, ಹರ್ಷವರ್ಧನನಿಗೂ ಅವರನ್ನು ಗೆಲ್ಲಲಾಗಲಿಲ್ಲ ಎಂದೂ ಬರೆದವನು ಇವನೇ. ಆ ಗ್ರಂಥಗಳನ್ನು ಇಡಲು 652ರಲ್ಲಿ ಕಟ್ಟಿದ ದೊಡ್ಡ ಹೆಬ್ಬಾತು ಗೋಪುರ, ಅಂದರೆ ದಾಯಾನ್ ತಾ, ಮುಂದೆ ಹಲವು ಬಾರಿ ದುರಸ್ತಿಯಾಗಿ ಇಂದಿಗೂ ಏಳು ಅಂತಸ್ತುಗಳೊಂದಿಗೆ ನಿಂತಿದೆ. ಪ್ರವಾಸದ ಪಟ್ಟಿಯಲ್ಲಿ ಇದಿಲ್ಲದಿದ್ದರೆ ಹಟ ಹಿಡಿದು ಸೇರಿಸಿ.

ಉತ್ತರ: ಹೇಮಾವತಿ ತೀರ

ಉದ್ಯೋಗ ನಿಮಿತ್ತ ಕೆಲಕಾಲ ಆ ನಗರದಲ್ಲಿದ್ದೆ, ಆದ್ದರಿಂದ ಊಟದ ವಿಚಾರ ನಾನು ಹೇಳುತ್ತೇನೆ. ಶಿಯಾನ್ ಗೋಧಿಯ ನಾಡು. ಊರಿನ ಹೆಸರಾಂತ ತಿನಿಸು ಪಾವ್‌ಮೋ. ಗಟ್ಟಿ ರೊಟ್ಟಿಯನ್ನು ಗಿರಾಕಿಯೇ ಕಡಲೆಕಾಳಿನಷ್ಟು ಸಣ್ಣಗೆ ಮುರಿದು ಕೊಟ್ಟರೆ, ಅಡುಗೆಯವರು ಅದಕ್ಕೆ ಕುರಿಮಾಂಸದ ಸಾರು ಹಾಕಿ ಬೇಯಿಸಿ ತರುತ್ತಾರೆ. ಮಾಂಸ ತಿನ್ನುವವರು ಇದನ್ನು ಮುಸ್ಲಿಮರ ಬೀದಿಯಲ್ಲಿಯೇ ತಿನ್ನಬೇಕು. ಅಲ್ಲಿನ ದೊಡ್ಡ ಮಸೀದಿಯನ್ನೂ ನೋಡಿ. ಗುಮ್ಮಟವಿಲ್ಲದೆ, ಅಂಗಳದ ಹಿಂದೆ ಅಂಗಳವಾಗಿ, ಪೂರ್ತಿ ಚೀನೀ ಶೈಲಿಯಲ್ಲಿ ಕಟ್ಟಿದ್ದಾರೆ.

ನಿಮ್ಮ ಅತ್ತೆಯವರಿಗೆ ಲಿಯಾಂಗ್‌ಪಿ ಹೊಂದಬಹುದು. ಇದು ಹಿಟ್ಟಿನಿಂದ ಮಾಡಿ, ಆರಿಸಿ, ವಿನಿಗರ್ ಮತ್ತು ಖಾರದೆಣ್ಣೆ ಹಾಕಿ ಕಲಸಿದ ಶ್ಯಾವಿಗೆಯಂಥದ್ದು. ಎರಡು ಮೂರು ಬೆರಳಗಲದ ಬಿಯಾಂಗ್‌ಬಿಯಾಂಗ್ ನೂಡಲ್ಸ್‌ನಲ್ಲಿ ಮೆಣಸಿನಪುಡಿಯ ಮೇಲೆ ಕಾದ ಎಣ್ಣೆ ಹುಯ್ದು ಕೊಡುವ ಬಗೆಯೊಂದಿದೆ, ಅದನ್ನೂ ಕೇಳಬಹುದು. ಆದರೆ ಮಾಂಸದ ಚೂರು, ಮೊಟ್ಟೆ, ಸಾರು ಯಾವುದೂ ಬೇಡವೆಂದು ಚೀನೀ ಲಿಪಿಯಲ್ಲಿ ಬರೆಸಿದ ಚೀಟಿಯನ್ನು ಪ್ರತಿ ಅಂಗಡಿಯಲ್ಲೂ ತೋರಿಸಿ. ಮಾಂಸದ ತುಂಡು ಕಾಣದಿದ್ದ ಮಾತ್ರಕ್ಕೆ ಸಸ್ಯಾಹಾರವೆಂದು ನಂಬಬೇಡಿ. ಅಕ್ಟೋಬರ್ ಅಂದರೆ ಪರ್ಸಿಮನ್ ಹಣ್ಣಿನ ಕಾಲವೂ ಹೌದು.

ಗಿರಿವಾಸಿ, ಚಿಕ್ಕಮಗಳೂರು

ಇಬ್ಬರಿಗೂ ಕೃತಜ್ಞತೆಗಳು. ಎರಡು ರಾತ್ರಿ ಉಳಿಯುವಂತೆ ಬದಲಾಯಿಸಲು ಕೇಳಿದ್ದೇನೆ. ಅತ್ತೆಯವರಿಗೆ ಮಂಡಿನೋವಿದೆ, ನಗರದ ಸುತ್ತಲಿನ ಕೋಟೆಗೋಡೆಯ ಮೇಲೆ ಅವರು ಬರಬಹುದೇ?

ಉತ್ತರ: ಹೇಮಾವತಿ ತೀರ

ಮೆಟ್ಟಿಲು ಹತ್ತಲೇಬೇಕಾಗುತ್ತದೆ, ಹತ್ತಿದ ಮೇಲೆ ಕಷ್ಟವಿಲ್ಲ. 1370ರ ದಶಕದಲ್ಲಿ, ಮಿಂಗ್ ಅರಸರ ಕಾಲದಲ್ಲಿ ಕಟ್ಟಿದ ಆ ಗೋಡೆ ಮೇಲ್ಭಾಗದಲ್ಲಿ 12 ಮೀಟರಿಗೂ ಹೆಚ್ಚು ಅಗಲವಿದ್ದು, ಸುಮಾರು 14 ಕಿ.ಮೀ. ಸುತ್ತಳತೆಯಲ್ಲಿ ಸೈಕಲ್ ಬಾಡಿಗೆಗೂ ಸಿಗುತ್ತದೆ. ದಕ್ಷಿಣ ಬಾಗಿಲಿನಲ್ಲಿ ಹತ್ತಿ, ಅವರನ್ನು ಪ್ರವಾಸಿಗರ ಬ್ಯಾಟರಿ ಗಾಡಿಯಲ್ಲಿ ಕೂರಿಸಿ. ಹೆಬ್ಬಾತು ಗೋಪುರದ ಒಳಗಿನ ಮೆಟ್ಟಿಲುಗಳನ್ನು ಮಾತ್ರ ಅವರಿಗೆ ಹತ್ತಿಸಬೇಡಿ, ಅಂಗಳದಿಂದ ನೋಡಿದರೆ ಸಾಕು.