ಕಾಸರಗೋಡಿನಲ್ಲಿ ಕಾಡುಜೀವಿಗಳನ್ನು ಕಾಣುವುದು ಎಲ್ಲಿ, ಯಾವಾಗ, ಹೇಗೆ? ಅನುಭವ ಹಂಚಿಕೊಳ್ಳಿ

ಪ್ರಶ್ನೆ: ಬದಿಯಡ್ಕದಿಂದ

ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿದ್ದು ಈ ಮಳೆಗಾಲದಲ್ಲಿ ಬದಿಯಡ್ಕದ ಸಮೀಪದ ಹಿರಿಯರ ಮನೆಗೆ ಮರಳಿದ್ದೇವೆ. ಹತ್ತು ವರ್ಷದ ಮಗಳಿಗೆ ಹಕ್ಕಿ, ಹಾವು, ಚಿಟ್ಟೆ ಎಂದರೆ ಊಟ ಬಿಟ್ಟು ಓಡುವಷ್ಟು ಆಸಕ್ತಿ. ಅವಳಿಗೋಸ್ಕರ ಅಕ್ಟೋಬರಿನಲ್ಲಿ ಎರಡು ಗಂಟೆಗೂ ಹೆಚ್ಚು ಹೊತ್ತು ಕಾರಿನಲ್ಲಿ ಪ್ರಯಾಣಿಸಿ ರಾಣಿಪುರದ ಗುಡ್ಡ ಹತ್ತಿದೆವು. ಹುಲ್ಲುಗಾವಲು, ಮಂಜು ಎಲ್ಲವೂ ಚೆನ್ನಾಗಿತ್ತು. ಆದರೆ ನಮ್ಮ ಪಾಲಿಗೆ ಕಂಡ ಜೀವಿ ಕಾಲಿಗೆ ಹತ್ತಿದ ಉಂಬಳ ಮಾತ್ರ. ಗುಡ್ಡ, ತೋಟ, ಕಡಲ ಬದಿ, ಪೇಟೆ, ಯಾವುದಾದರೂ ಸರಿ, ಯಾವ ಕಾಲದಲ್ಲಿ ಎಲ್ಲಿ ಏನು ಕಾಣಬಹುದು, ಕಾಣಲು ಎಂಥ ಅಭ್ಯಾಸ ಬೇಕು ಎಂಬುದನ್ನು ಅನುಭವಸ್ಥರು ತಿಳಿಸುವಿರಾ? ದುಬಾರಿ ಕ್ಯಾಮೆರಾ ಕೊಳ್ಳುವ ಯೋಚನೆ ಇಲ್ಲ.

ಎಣ್ಮಕಜೆಯ ಅಡಿಕೆ ಕೃಷಿಕ

ತಂಗೀ, ಹಿರಿಯರ ಮನೆ ಎಂದ ಮೇಲೆ ಅಡಿಕೆ ತೋಟ ಇರಲೇಬೇಕು. ಹಾಗಿರುವಾಗ ನೀವು ಕಾರು ಹತ್ತಿದ್ದೇ ಹೆಚ್ಚಾಯಿತು. ಬೆಳಗ್ಗೆ ಒಂಬತ್ತರ ಹೊತ್ತಿಗೆ, ಬಿಸಿಲು ಅಡಿಕೆ ಮರಗಳ ಮೈಗೆ ಓರೆಯಾಗಿ ಬೀಳುವಾಗ, ಮಗಳನ್ನು ತೋಟದ ನಡುವೆ ಒಂದು ಅಡಿಕೆ ಹಾಳೆಯ ಮೇಲೆ ಅರ್ಧ ಗಂಟೆ ಸುಮ್ಮನೆ ಕೂರಿಸಿ. ಹಾರುವ ಓತಿ ಮರದ ತೊಗಟೆಯೊಡನೆ ಎಷ್ಟು ಬೆರೆತಿರುತ್ತದೆ ಎಂದರೆ, ಗಂಡು ತನ್ನ ಗಂಟಲ ಕೆಳಗಿನ ಹಳದಿ ಚೀಲವನ್ನು ಬಿಚ್ಚಿ ಮುಚ್ಚಿ ಮಾಡುವವರೆಗೆ ಕಣ್ಣಿಗೆ ಬೀಳುವುದೇ ಇಲ್ಲ. ಒಮ್ಮೆ ಆ ಹಳದಿ ಮಿಂಚು ಕಂಡರೆ ಮತ್ತೆ ಕಣ್ಣು ತೆಗೆಯಬೇಡಿ. ಇರುವೆಗಳನ್ನು ನೆಕ್ಕುತ್ತ ಮೇಲೇರಿ, ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಕೊಡೆಯಂತೆ ಬಿಡಿಸಿ, ಎದುರಿನ ಮರದ ಬುಡದ ಕಡೆಗೆ ತೇಲಿಕೊಂಡು ಹೋಗುತ್ತದೆ. ನೀವು ಒಂದು ಬದಿಗೆ ಬಂದರೆ ಅದು ಮರದ ಇನ್ನೊಂದು ಬದಿಗೆ ಸರಿಯುವುದರಿಂದ, ತಾಯಿ ಒಂದು ಕಡೆ ಮಗಳು ಒಂದು ಕಡೆ ನಿಲ್ಲುವುದು ಒಳ್ಳೆಯದು. ಅದನ್ನು ಓಡಿಸಿ ಹಾರಿಸುವ ಹುಡುಗಾಟಕ್ಕೆ ಮಾತ್ರ ಎಡೆ ಕೊಡಬೇಡಿ.

ಚಳಿಗಾಲದಲ್ಲಿ ಅದೇ ತೋಟದ ನೆಲದಲ್ಲಿ ನವರಂಗ ಹಕ್ಕಿ ಒಣ ಎಲೆಗಳನ್ನು ಕೊಕ್ಕಿನಿಂದ ಮಗುಚುತ್ತಿರುತ್ತದೆ. ಇದು ಅಕ್ಟೋಬರಿನ ಹೊತ್ತಿಗೆ ಉತ್ತರದಿಂದ ಬಂದು ಬೇಸಗೆಯಲ್ಲಿ ಮರಳುವ ಅತಿಥಿ. ಮುಂಜಾನೆ ಮತ್ತು ಮುಸ್ಸಂಜೆ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ತಮಿಳಿನಲ್ಲಿ ಇದಕ್ಕೆ ಆರು ಗಂಟೆಯ ಹಕ್ಕಿ ಎಂಬ ಅರ್ಥದ ಹೆಸರೇ ಇದೆ. ಸಿಳ್ಳೆ ಬಂದ ದಿಕ್ಕನ್ನು ಗುರುತಿಟ್ಟುಕೊಂಡು ಮರುದಿನ ಅದೇ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ಹೋಗಿ ಕುಳಿತರೆ ಹಕ್ಕಿ ತಾನಾಗಿ ಕಾಣುತ್ತದೆ. ನಾನು ಇದನ್ನು ಕಲಿತದ್ದು ನಮ್ಮಲ್ಲಿ ಅಡಿಕೆ ಕೊಯ್ಯಲು ಬರುವವರಿಂದ. ಮರದ ತುದಿಯಲ್ಲಿ ದಿನ ಕಳೆಯುವ ಅವರಿಗೆ ಯಾವ ಮರದಲ್ಲಿ ಯಾವ ಗೂಡು ಇದೆ ಎಂಬ ಲೆಕ್ಕ ಇರುತ್ತದೆ. ಚಹಾ ಕೊಡುವಾಗ ಒಂದು ಮಾತು ಕೇಳಿ.

ಗುಡ್ಡದ ಬದಿಯಲ್ಲಿ ನೀರಿಗಾಗಿ ಕೊರೆದ ಸುರಂಗ ಇದ್ದರೆ ಸಂಜೆ ದೀಪ ಹಿಡಿಯದೆ ಬಾಯಿಯಿಂದ ಹತ್ತು ಹೆಜ್ಜೆ ದೂರ ನಿಂತುಕೊಳ್ಳಿ, ಬಾವಲಿಗಳು ಹೊರಬೀಳುವುದು ಕಾಣುತ್ತದೆ. ಒಳಗೆ ಹೋಗುವ ಸಾಹಸ ಬೇಡ. ಅವುಗಳ ನಿದ್ದೆ ಕೆಡುವುದಷ್ಟೇ ಅಲ್ಲ, ಹಳೆಯ ಸುರಂಗದ ಮಣ್ಣನ್ನೂ ನಂಬುವಂತಿಲ್ಲ. ನವೆಂಬರ್, ಡಿಸೆಂಬರಿನಲ್ಲಿ ತೋಡಿಗೆ ಕಟ್ಟ ಹಾಕಿದ ಮೇಲೆ ನಿಲ್ಲುವ ನೀರಿಗೆ ಮಿಂಚುಳ್ಳಿಗಳು ದಿನವೂ ಬರುತ್ತವೆ.

ಇನ್ನೊಂದು ಮಾತು, ನಿಮ್ಮ ಪ್ರಶ್ನೆಗೆ ನೇರ ಉತ್ತರವಲ್ಲದಿದ್ದರೂ ಹೇಳಬೇಕೆನಿಸಿತು. ನಮ್ಮ ಸುತ್ತಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದಲ್ಲಿ, ಅದು 2000ದಲ್ಲಿ ನಿಲ್ಲುವವರೆಗೂ, ನಮ್ಮ ಜೇನುಪೆಟ್ಟಿಗೆಗಳು ಖಾಲಿಯಾಗಿ ಬಿದ್ದಿದ್ದವು. ಈಗ ಅದೇ ಕಟ್ಟೆಯ ಮೇಲೆ ಜೇನು ಕೂತಿದೆ. ಆದ್ದರಿಂದ ಯಾವ ಜೀವಿ ಕಂಡರೂ ತಾರೀಕು ಹಾಕಿ ಬರೆದಿಡಲು ಮಗಳಿಗೆ ಹೇಳಿ. ಅಂದು ನಾನು ಬರೆದಿಡಲಿಲ್ಲ.

ಕುಂಬಳೆಯ ನಿವೃತ್ತ ಅಧ್ಯಾಪಕ

ಮೇಲಿನವರು ತೋಟದ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಬಯಲಿನ ವಿಷಯ ಹೇಳುತ್ತೇನೆ. ನಿಮಗೆ ಹೆಚ್ಚು ದೂರವಲ್ಲದ ಕಿದೂರು ಪಕ್ಷಿವೀಕ್ಷಕರ ನಡುವೆ ಪಕ್ಷಿಗ್ರಾಮವೆಂದೇ ಪರಿಚಿತವಾಗಿದೆ. ಅದರ ಗುಟ್ಟು ದಟ್ಟ ಕಾಡಲ್ಲ. ಮುರಕಲ್ಲಿನ ಬಯಲಾದ ಅಡ್ಕ, ಅದರ ಅಂಚಿನ ಪೊದೆ, ಮಳೆನೀರು ನಿಲ್ಲುವ ಪಳ್ಳ, ಕೆಳಗಿನ ಗದ್ದೆ ತೋಟ, ಇವೆಲ್ಲ ಒಂದಕ್ಕೊಂದು ಅಂಟಿಕೊಂಡಿರುವುದು. ಒಂದು ನೆಲೆಯಿಂದ ಇನ್ನೊಂದು ನೆಲೆಗೆ ತಿರುಗುವ ಅಂಚಿನಲ್ಲಿಯೇ ಹಕ್ಕಿಗಳು ಹೆಚ್ಚು ಎಂಬುದು ಮೂವತ್ತು ವರ್ಷ ಶಾಲೆಯ ಮಕ್ಕಳನ್ನು ಕರೆದುಕೊಂಡು ತಿರುಗಿದ ನನ್ನ ಅನುಭವ.

ಅಡ್ಕವನ್ನು ನಮ್ಮವರು ಬರಡು ಪಾರೆ ಎಂದು ಭಾವಿಸಿ ಕಲ್ಲು ಕಡಿಯಲು ಬಿಟ್ಟುಕೊಡುತ್ತಾರೆ. ಆದರೆ ಅದನ್ನು ವರ್ಷಕ್ಕೆ ಮೂರು ಸಲ ನೋಡಬೇಕು. ಜೂನಿನ ಮೊದಲ ಜಡಿಮಳೆಗೆ ಗೋಂಕುರು ಕಪ್ಪೆಯ ಗಂಡುಗಳು ಮೈಯೆಲ್ಲ ಹಳದಿಯಾಗಿ, ಕೆನ್ನೆಯ ಎರಡೂ ಬದಿ ನೀಲಿ ಚೀಲ ಉಬ್ಬಿಸಿ ಕೂಗುತ್ತವೆ. ಆ ಬಣ್ಣ ಕೆಲವೇ ದಿನ ಇರುವುದರಿಂದ ಮಳೆಯೆಂದು ಮನೆಯೊಳಗೆ ಕುಳಿತರೆ ತಪ್ಪಿಹೋಗುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಕಲ್ಲಿನ ಮೇಲಿನ ತೆಳು ನೀರಿನಲ್ಲಿ ನೀಲಿ ಹೂಗಳು ಹಾಸಿಕೊಂಡಿರುತ್ತವೆ, ಅವುಗಳಲ್ಲಿ ಕೆಲವು ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುವ ಗಿಡಗಳು. ಮಾರ್ಚಿನಿಂದ ಮೇವರೆಗೆ, ಮುಳಿಹುಲ್ಲು ಒಣಗಿ ಕಲ್ಲು ಕಾದಿರುವ ಕಾಲದಲ್ಲಿ, ಹಳದಿ ಟಿಟ್ಟಿಭ ಬರಿಯ ನೆಲದಲ್ಲಿ ಮೊಟ್ಟೆ ಇಡುತ್ತದೆ. ಹಕ್ಕಿಯೊಂದು ರೆಕ್ಕೆ ಮುರಿದಂತೆ ನಟಿಸುತ್ತ ನಿಮ್ಮೆದುರು ಓಡಿದರೆ, ಅಲ್ಲಿಯೇ ನಿಂತು, ಕಾಲಕೆಳಗೆ ನೋಡಿಕೊಂಡು, ಬಂದ ದಾರಿಯಲ್ಲಿಯೇ ಹಿಂದಿರುಗಬೇಕು. ಕಲ್ಲಿನ ಬಣ್ಣದ ಆ ಮೊಟ್ಟೆಗಳನ್ನು ನೋಡುವುದಕ್ಕಿಂತ ತುಳಿಯುವುದು ಸುಲಭ.

ಬೈನಾಕ್ಯುಲರ್ ಒಂದನ್ನು ಮಾತ್ರ ಕೊಳ್ಳಿ, 8x40 ಅಥವಾ 8x42 ಎಂದು ಬರೆದಿರುವುದು ಸಾಕು. ಹೆಚ್ಚು ದೊಡ್ಡದಾಗಿ ತೋರಿಸುವುದನ್ನು ಕೊಂಡರೆ ಮಗುವಿನ ಕೈ ನಡುಗಿ ಏನೂ ಕಾಣುವುದಿಲ್ಲ. ಹಕ್ಕಿಯ ಕೂಗು ಕೇಳಿಸಿ ಹೆಸರು ಹೇಳುವ ಮರ್ಲಿನ್ ಎಂಬ ಆ್ಯಪ್ ಕೂಡ ಉಪಯುಕ್ತ.

ಎಣ್ಮಕಜೆಯ ಅಡಿಕೆ ಕೃಷಿಕ

ಮಾಷ್ಟ್ರೇ, ಆ್ಯಪಿನ ವಿಷಯದಲ್ಲಿ ನನ್ನದೊಂದು ತಕರಾರು ಇದೆ. ನನ್ನ ಮೊಮ್ಮಗ ಕಳೆದ ವರ್ಷ ತೋಟದಲ್ಲಿ ನಿಂತು ಕಾಲು ಗಂಟೆಯಲ್ಲಿ ಹನ್ನೊಂದು ಹಕ್ಕಿಗಳ ಹೆಸರು ಪಡೆದ. ಮೇಲೆ ನೋಡಿದರೆ ಬಾಲದ ತುದಿಗೆ ಎರಡು ಗರಿ ತೂಗಿಸಿಕೊಂಡ ಭೀಮರಾಜ ಒಂದೇ ಕುಳಿತಿತ್ತು. ಬೇರೆಯವರ ಸ್ವರವನ್ನೆಲ್ಲ ಅನುಕರಿಸುವುದು ಅದರ ವಿದ್ಯೆ.

ಕುಂಬಳೆಯ ನಿವೃತ್ತ ಅಧ್ಯಾಪಕ

ಒಪ್ಪಿದೆ. ಕಿವಿಗೆ ಕೇಳಿದ್ದನ್ನು ಕಣ್ಣಿನಿಂದ ಖಚಿತಪಡಿಸಿಕೊಂಡ ಮೇಲೆಯೇ ಬರೆಯಬೇಕು. ಹಾಗೆಯೇ ಫೋನಿನಿಂದ ಕೂಗು ನುಡಿಸಿ ಹಕ್ಕಿಯನ್ನು ಹತ್ತಿರ ಕರೆಯುವ ಪದ್ಧತಿಯನ್ನು ಮಕ್ಕಳಿಗೆ ಕಲಿಸಬಾರದು. ಅದನ್ನು ತನ್ನ ನೆಲೆಗೆ ಬಂದ ಎದುರಾಳಿ ಎಂದೇ ತಿಳಿದು, ಗೂಡನ್ನು ಬಿಟ್ಟು ಹಕ್ಕಿ ಓಡಿಬರುತ್ತದೆ.

ಮಂಜೇಶ್ವರದ ಕಡಲ ಬದಿಯಿಂದ

ಅಕ್ಕ, ಕಡಲ ಬದಿಗೆ ಬರುವುದಾದರೆ ಗಡಿಯಾರಕ್ಕಿಂತ ಮೊದಲು ಭರತ ಇಳಿತದ ಲೆಕ್ಕ ನೋಡಿ. ನವೆಂಬರಿನಿಂದ ಮಾರ್ಚಿನವರೆಗೆ ಶಿರಿಯ, ಕುಂಬಳೆ, ಚಿತ್ತಾರಿಯ ಅಳಿವೆಗಳಲ್ಲಿ ನೀರು ಇಳಿದು ಕೆಸರು ತೆರೆದುಕೊಂಡ ಎರಡು ಗಂಟೆಯ ಅವಧಿಯಲ್ಲಿ ವಲಸೆ ಬಂದ ಗೊರವಗಳು, ಕಡಲಕ್ಕಿಗಳು ಒಟ್ಟಿಗೆ ಸಿಗುತ್ತವೆ. ಭರತದ ಹೊತ್ತಿಗೆ ಬಂದವರು ಕಾಂಡ್ಲಾ ಗಿಡಗಳನ್ನಷ್ಟೇ ನೋಡಿಕೊಂಡು ಹಿಂದಿರುಗುತ್ತಾರೆ.

ನಿಮ್ಮ ಮಗಳಿಗೆ ತೋರಿಸಲೇಬೇಕಾದದ್ದು ಬಿಳಿ ಹೊಟ್ಟೆಯ ಕಡಲ ಹದ್ದು. 2023ರಲ್ಲಿ ನಮ್ಮ ಜಿಲ್ಲೆಗೆ ತನ್ನದೇ ಆದ ಮರ, ಹೂ, ಹಕ್ಕಿ, ಪ್ರಾಣಿಗಳನ್ನು ಘೋಷಿಸಿದಾಗ ಹಕ್ಕಿಯ ಸ್ಥಾನ ಇದಕ್ಕೆ ದೊರೆಯಿತು. ಗರುಡನೆಂದು ತಪ್ಪು ತಿಳಿಯುವವರು ಬಹಳ. ಗರುಡನ ಮೈ ಇಟ್ಟಿಗೆಯ ಬಣ್ಣ, ಇದರ ಬೆನ್ನು ಬೂದಿ, ತಲೆ ಮತ್ತು ಹೊಟ್ಟೆ ಅಚ್ಚ ಬಿಳಿ, ಗಾತ್ರ ಬಹಳ ದೊಡ್ಡದು, ತೇಲುವಾಗ ರೆಕ್ಕೆಗಳನ್ನು ಮೇಲಕ್ಕೆತ್ತಿ ಹಿಡಿದಿರುತ್ತದೆ. ಎತ್ತರದ ಒಂದೇ ಮರದಲ್ಲಿ ವರ್ಷ ವರ್ಷವೂ ಅದೇ ಗೂಡನ್ನು ದುರಸ್ತಿ ಮಾಡಿಕೊಳ್ಳುವುದರಿಂದ, ಮರ ಉಳಿದರೆ ಹಕ್ಕಿ ಉಳಿಯುತ್ತದೆ. ಗೂಡಿನ ಮರ ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಬಂದರೆ ದೂರದಿಂದ ತೋರಿಸುತ್ತೇನೆ.

ನೀಲೇಶ್ವರದ ಬಳಿಯ ತೈಕಡಪ್ಪುರದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳ ಮೊಟ್ಟೆಗಳನ್ನು ನೈತಲ್ ಎಂಬ ಸಂಸ್ಥೆಯವರು ಕಾಪಾಡಿ ಮರಿಗಳನ್ನು ಕಡಲಿಗೆ ಬಿಡುತ್ತಾರೆ. ಮೊಟ್ಟೆ ಒಡೆಯಲು 45ರಿಂದ 60 ದಿನ ಬೇಕು. ಮರಿಗಳು ಬೆಳಕಿನ ಕಡೆಗೆ ಸಾಗುವ ಸ್ವಭಾವದವು. ಆದ್ದರಿಂದ ರಾತ್ರಿ ಅಲ್ಲಿ ಟಾರ್ಚ್, ಫೋನಿನ ಬೆಳಕು ಯಾವುದೂ ಇರಬಾರದು.

ಮತ್ತೆ, ಆ ಘೋಷಣೆಯಲ್ಲಿ ಪ್ರಾಣಿಯ ಸ್ಥಾನ ಪಡೆದದ್ದು ಮೆದುಚಿಪ್ಪಿನ ಭೀಮ ಆಮೆ, ಮಲಯಾಳದಲ್ಲಿ ಪಾಲಪ್ಪೂವನ್. ಹೊಳೆಯ ಮರಳಿನಲ್ಲಿ ಹುದುಗಿ, ಉಸಿರಿಗಾಗಿ ಮಾತ್ರ ಅಪರೂಪಕ್ಕೆ ಮೂಗು ಹೊರಚಾಚುವ ಈ ಆಮೆಯನ್ನು ಚಂದ್ರಗಿರಿ ಹೊಳೆಯಲ್ಲಿ ಸಂಶೋಧಕರು ಪತ್ತೆ ಮಾಡಿದ್ದು ಹೊಳೆಬದಿಯ ಜನರನ್ನು ಕೇಳಿ ಕೇಳಿ. ಆದ್ದರಿಂದ ಒಂದೇ ಜೀವಿಯ ಎಲ್ಲ ಹೆಸರುಗಳನ್ನೂ ಕಲಿತಿರಬೇಕು. ಪುಸ್ತಕದ ಕೆಂಬೂತ ತುಳುವಿನಲ್ಲಿ ಕುಪ್ಪುಳು, ಮಲಯಾಳದಲ್ಲಿ ಚೆಂಬೋತ್. ನೀವು ಕೆಂಬೂತ ಎಂದು ಮಾತ್ರ ಕೇಳಿದರೆ ಅದು ಇಲ್ಲಿ ಇಲ್ಲವೆಂದೇ ಉತ್ತರ ಬಂದೀತು.

ಕಾಸರಗೋಡು ವಿದ್ಯಾನಗರದಿಂದ

ಪೇಟೆಯಲ್ಲಿ ಇರುವವಳಾಗಿ ಎರಡೇ ಮಾತು. ಹಂಚಿನ ಅಡಿಯಲ್ಲಿ ರಾತ್ರಿ ಯಾರೋ ನಡೆದಂತೆ ಸದ್ದಾದರೆ ಅದು ಬಹುಪಾಲು ಕಬ್ಬೆಕ್ಕು, ಮಲಯಾಳದವರ ಮರಪಟ್ಟಿ. ಗೋಡೆಯ ಮೇಲೆ ಬೀಜಗಳೇ ತುಂಬಿದ ಹಿಕ್ಕೆ ಕಂಡರೆ ಖಚಿತವಾಯಿತು. ನಮ್ಮ ಬಾಡಿಗೆ ಮನೆಯಲ್ಲಿ ಮೂರು ತಿಂಗಳು ಕಳ್ಳನೆಂದು ಹೆದರಿ ದೀಪ ಹಾಕಿಕೊಂಡೇ ಮಲಗುತ್ತಿದ್ದೆವು. ಎರಡನೆಯದಾಗಿ, ಹಾವು ಕಂಡಾಗ ಹತ್ತಿರದಿಂದ ಫೋಟೋ ತೆಗೆಯಬೇಡಿ. ಕೇರೆಯನ್ನು ನಾಗರವೆಂದು ಹೊಡೆಯುವವರೂ ಇದ್ದಾರೆ, ಕನ್ನಡಿ ಹಾವನ್ನು ಹೆಬ್ಬಾವಿನ ಮರಿಯೆಂದು ಕೈಗೆತ್ತಿಕೊಳ್ಳುವವರೂ ಇದ್ದಾರೆ. ಎರಡನೆಯದು ಪ್ರಾಣಕ್ಕೇ ಎರವಾಗುತ್ತದೆ. ಕೇರಳ ಅರಣ್ಯ ಇಲಾಖೆಯ ಸರ್ಪ ಎಂಬ ಆ್ಯಪಿನಲ್ಲಿ ತರಬೇತಿ ಪಡೆದ ಹಾವು ಹಿಡಿಯುವವರನ್ನು ಸಂಪರ್ಕಿಸಬಹುದು.

ಬಂದಡ್ಕದಿಂದ

ರಾಣಿಪುರದಲ್ಲಿ ಏನೂ ಕಾಣಲಿಲ್ಲವೆಂದಿರಿ. ಅದು ತಲಕಾವೇರಿ ವನ್ಯಧಾಮದ ಕಾಡಿಗೆ ಅಂಟಿಕೊಂಡ ಗುಡ್ಡ. ಆನೆ ಇಳಿದ ದಿನಗಳಲ್ಲಿ ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸುವುದುಂಟು. ರಜಾದಿನದ ಗದ್ದಲದಲ್ಲಿ ಹತ್ತಿದವರಿಗೆ ಪ್ರಾಣಿ ಕಾಣದಿದ್ದರೆ, ಪ್ರಾಣಿಗಳಿಗೆ ಅವರು ಮೊದಲೇ ಕಂಡಿದ್ದಾರೆಂದು ಅರ್ಥ. ಇನ್ನೊಮ್ಮೆ ಹೋಗುವುದಾದರೆ ಮಳೆ ಕಳೆದು ಉಂಬಳ ಇಂಗಿದ ಮೇಲೆ, ವಾರದ ನಡುವೆ, ಟಿಕೆಟ್ ತೆರೆದ ಕೂಡಲೇ ಹೋಗಿ, ತುದಿಗೆ ಧಾವಿಸದೆ ಹುಲ್ಲುಗಾವಲು ಮತ್ತು ಶೋಲಾ ಕಾಡು ಕೂಡುವ ಅಂಚಿನಲ್ಲಿ ಕುಳಿತುಕೊಳ್ಳಿ. ಕೆಂಜಳಿಲು, ಮಂಗಟ್ಟೆಗಳು ಮರದ ಮೇಲಿರುವುದರಿಂದ ತಲೆಯೆತ್ತಿ ನೋಡಬೇಕು. ಹಣ್ಣಾದ ಗೋಳಿ ಮರ ಸಿಕ್ಕಿದರೆ ಅಲ್ಲಿಂದ ಕದಲಬೇಡಿ.

ಆದರೆ ನಮ್ಮ ಕಡೆ, ಅಂದರೆ ಕಾರಡ್ಕ, ಮುಳಿಯಾರು, ದೇಲಂಪಾಡಿಯ ಭಾಗಗಳಲ್ಲಿ, ಆನೆ ನೋಡಲೆಂದು ದಯವಿಟ್ಟು ಯಾರೂ ಬರಬೇಡಿ. ನಮ್ಮ ಬಾಳೆ, ತೆಂಗು ಹೋದ ರಾತ್ರಿಯ ಮರುದಿನ ಮೊಬೈಲ್ ಹಿಡಿದು ಬರುವವರನ್ನು ಕಂಡರೆ ಸಂಕಟವಾಗುತ್ತದೆ. ಸೋಲಾರ್ ಬೇಲಿಯ ಆಚೆ ಹಸಿ ಲದ್ದಿ ಕಂಡರೆ ಮಗುವನ್ನು ಕರೆದುಕೊಂಡು ಬಂದ ದಾರಿ ಹಿಡಿಯಿರಿ. ಚಿರತೆಯ ಹೆಜ್ಜೆಯೂ ಈಚೆಗೆ ಸಿಗುತ್ತಿದೆ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ಎಲ್ಲರಿಗೂ ನಮಸ್ಕಾರ. ನೀವು ಹೇಳಿದಂತೆ ತೋಟದಲ್ಲಿ ಕುಳಿತೆವು. ಮೊದಲ ಒಂಬತ್ತು ದಿನ ಏನೂ ಕಾಣಲಿಲ್ಲ, ಮಗಳಿಗಿಂತ ಮೊದಲು ನನ್ನ ತಾಳ್ಮೆಯೇ ಮುಗಿದಿತ್ತು. ಹತ್ತನೆಯ ದಿನ ಬಾವಿಕಟ್ಟೆಯ ಪಕ್ಕದ ಮರದಲ್ಲಿ ಅವಳೇ ಓತಿಯನ್ನು ಕಂಡುಹಿಡಿದಳು. ಆದರೆ ಅದರ ಗಂಟಲ ಚೀಲ ಹಳದಿಯಲ್ಲ, ಸಣ್ಣದಾಗಿ ನೀಲಿಯಾಗಿ ಇತ್ತೆಂದು ಅವಳು ಚಿತ್ರ ಬರೆದು ತೋರಿಸುತ್ತಿದ್ದಾಳೆ. ಬೇರೆ ಜಾತಿಯದೇ? ನಾಲ್ಕು ದಿನದಿಂದ ಅದೇ ಮರದ ಬುಡದ ಕಡೆ ಇಳಿದು ಹತ್ತುತ್ತಿದೆ.

ಎಣ್ಮಕಜೆಯ ಅಡಿಕೆ ಕೃಷಿಕ

ಜಾತಿ ಅದೇ, ತಂಗೀ. ಮಗಳು ಕಂಡದ್ದು ಹೆಣ್ಣು, ಚಿತ್ರವೂ ಸರಿಯಾಗಿಯೇ ಇದೆ. ಹೆಣ್ಣು ನೆಲಕ್ಕೆ ಇಳಿಯುವುದು ಮುಖ್ಯವಾಗಿ ಮೊಟ್ಟೆ ಇಡುವುದಕ್ಕೆ. ಮೂತಿಯಿಂದ ಮಣ್ಣು ಕೆದಕಿ, ಮೊಟ್ಟೆ ಇಟ್ಟು, ಮತ್ತೆ ಮುಚ್ಚಿ ಹೋಗುತ್ತದೆ. ಬಾವಿಕಟ್ಟೆಯ ಆ ಮರದ ಸುತ್ತ ಸದ್ಯಕ್ಕೆ ಬುಡ ಬಿಡಿಸುವುದು ಬೇಡವೆಂದು ಕೆಲಸದವರಿಗೆ ಇವತ್ತೇ ತಿಳಿಸಿಬಿಡಿ, ಬಿದ್ದ ಹಾಳೆಗಳನ್ನು ಕೈಯಿಂದಲೇ ಹೆಕ್ಕಿದರೆ ಸಾಕು.